ನಾಲ್ಕು ಕಂಪೈಲರುಗಳ ಮನೆ

ನಮ್ಮ ಮನೆಯ ಕಂಪ್ಯೂಟರಿನ ಹಣೆಗೆ ಒಂದು ಚೀಟಿ ಅಂಟಿದೆ. ಮೇಲಿನ ಸಾಲಿನಲ್ಲಿ 7, 9, 11, 12 ಎಂದು ನಾಲ್ಕು ಅಂಕಿ. ಕೆಳಗೆ ನನ್ನ ಹೆಂಡತಿಯ ಅಕ್ಷರದಲ್ಲಿ 'ನಾಲ್ಕೂ ಇರಲಿ' ಎಂಬ ಎರಡು ಶಬ್ದ. ಬಂದವರು ಅದನ್ನು ತಮಗೆ ತೋಚಿದ ಹಾಗೆ ಓದಿಕೊಳ್ಳುತ್ತಾರೆ. ಕೆಳಗಿನ ಮನೆಯ ಘೋಷ್ ಬಾಬು ಬಸ್ ನಂಬರುಗಳೆಂದು ತಿಳಿದು, ಹನ್ನೊಂದು ಈಗ ಬಾರಾನಗರಕ್ಕೆ ಬರುವುದೇ ಇಲ್ಲ ಎಂದು ಕಾಳಜಿಯಿಂದ ತಿಳಿಸಿದರು. ಊರಿನಿಂದ ಬಂದಿದ್ದ ನನ್ನ ಅತ್ತಿಗೆ ಮಾತ್ರೆ ನುಂಗುವ ಹೊತ್ತೆಂದು ಭಾವಿಸಿ, 'ಹನ್ನೊಂದಾಯ್ತು, ತಕೊಂಡ್ಯಾ?' ಎಂದು ಎರಡು ದಿನ ನೆನಪಿಸಿದರು. ನನಗೆ ಮಾತ್ರೆಯ ಅಗತ್ಯವಿದೆ ಎಂದು ಅವರಿಗೆ ಸಹಜವಾಗಿಯೇ ಅನ್ನಿಸಿತ್ತು. ನಾನೂ ತಿದ್ದಲು ಹೋಗಲಿಲ್ಲ. ತಿದ್ದಿದರೆ ಇಡೀ ಕತೆ ಹೇಳಬೇಕಾಗುತ್ತಿತ್ತು.

ಅವು ಕಂಪೈಲರುಗಳ ಆವೃತ್ತಿಗಳು. ಇಷ್ಟು ಹೇಳಿದ ಕೂಡಲೇ ಎದುರಿಗಿದ್ದವರು ಚಹಾದ ಕಪ್ಪನ್ನು ಪರೀಕ್ಷಿಸತೊಡಗುತ್ತಾರೆ. ನೀವು ಹಾಗೆ ಮಾಡಬೇಡಿ, ಎರಡು ನಿಮಿಷದ ವಿಷಯ. ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ಇಳಿಸುವ ಅನುವಾದಕನೇ ಕಂಪೈಲರ್. ಕೆಲವು ವರ್ಷಕ್ಕೊಮ್ಮೆ ಹೊಸ ಅನುವಾದಕ ಬರುತ್ತಾನೆ. ಹಳಬ ಕಣ್ಣು ಮುಚ್ಚಿ ಬಿಟ್ಟಿದ್ದ ತಪ್ಪಿಗೆ ಹೊಸಬ ತಕರಾರು ತೆಗೆಯುತ್ತಾನೆ. ಹಾಗಾಗಿ ಹಳೆಯ ಪ್ರೋಗ್ರಾಮುಗಳಿದ್ದವರು ಹಳೆಯ ಕಂಪೈಲರುಗಳನ್ನೂ ಯಂತ್ರದಲ್ಲಿ ಉಳಿಸಿಕೊಳ್ಳುತ್ತಾರೆ. ನಮ್ಮದು ಲಿನಕ್ಸ್ ಯಂತ್ರ. ಅದರಲ್ಲಿ ಇವನ್ನೆಲ್ಲ ತರಿಸುವುದಕ್ಕೆ, ಇಡುವುದಕ್ಕೆ, ತೆಗೆಯುವುದಕ್ಕೆ ಪ್ಯಾಕೇಜ್ ಮ್ಯಾನೇಜರ್ ಎಂಬ ಒಬ್ಬ ಉಗ್ರಾಣದವನಿದ್ದಾನೆ. ಸುಮ್ಮನೆ 'ಕಂಪೈಲರ್' ಎಂದು ಕೂಗಿದರೆ ನಾಲ್ವರಲ್ಲಿ ಯಾರು ಎದ್ದು ಬರಬೇಕು ಎಂಬುದನ್ನು ಗೊತ್ತುಮಾಡಲು ಪಟ್ಟಿಯೊಂದಿದೆ. ಪಟ್ಟಿಯಲ್ಲಿ ಒಂದು ಅಂಕಿ ಒತ್ತಿದರೆ ಆಯಿತು.

ಈ ಏರ್ಪಾಡು ನನಗೆ ಹೊಸದಾಗಿ ಕಾಣಬಾರದಿತ್ತು, ಏಕೆಂದರೆ ನಾನು ಇದನ್ನು ಹತ್ತನೇ ವಯಸ್ಸಿಗೇ ನೋಡಿದ್ದೆ.

ನನ್ನ ಅಪ್ಪ ಉಡುಪಿ ಕಡೆಯವರು. ಬಂಗಾಳಕ್ಕೆ ಬಂದು ಈ ಊರಿನ ಪಾರ್ಕ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಹನ್ನೆರಡು ಮೇಜಿನ ಹೋಟೆಲು ಇಟ್ಟಿದ್ದರು. ಅಲ್ಲಿ ಮೂರು ಪಾತ್ರೆ ಸಾಂಬಾರು ಆಗುತ್ತಿತ್ತು. ತೆಂಗಿನಕಾಯಿ ಅರೆದು ಹಾಕಿದ ನಮ್ಮ ಊರಿನದು ಒಂದು. ಅಕ್ಕಪಕ್ಕದ ಆಫೀಸಿನ ತಮಿಳು ಗುಮಾಸ್ತರಿಗೆ ಹುಣಿಸೆ ಮುಂದಾದದ್ದು ಇನ್ನೊಂದು. ಮೂರನೆಯದು ಬಂಗಾಳಿ ಬಾಬುಗಳದು. ಅದರಲ್ಲಿ ಬೆಲ್ಲ ಎಷ್ಟಿರುತ್ತಿತ್ತೆಂದರೆ, ಬೇಳೆ ಇಲ್ಲದಿದ್ದರೆ ಪಾಯಸವೆಂದೇ ಬಡಿಸಬಹುದಿತ್ತು. ಬರೀ 'ಸಾಂಬಾರ್' ಎಂದು ಕೇಳಿದವರಿಗೆ ಸಿಗುತ್ತಿದ್ದದ್ದು ಸೌಟು ಇದ್ದ ಪಾತ್ರೆಯದು. ಬೆಳಿಗ್ಗೆ ಅಪ್ಪ ಸೌಟನ್ನು ತಮಿಳು ಪಾತ್ರೆಯಲ್ಲಿ ಇಡುತ್ತಿದ್ದರು, ಮಧ್ಯಾಹ್ನ ಬಾಬುಗಳ ಪಾತ್ರೆಗೆ ಬದಲಾಯಿಸುತ್ತಿದ್ದರು. ಗೊತ್ತಿದ್ದವರು ಹೆಸರು ಹಿಡಿದು ಕೇಳಿ ಬೇಕಾದದ್ದನ್ನು ಹಾಕಿಸಿಕೊಳ್ಳುತ್ತಿದ್ದರು.

ಒಂದು ಸರಸ್ವತಿ ಪೂಜೆಯ ದಿನ ಶಾಲೆಗೆ ರಜೆ. ಅಡುಗೆಮನೆಯಲ್ಲಿ ಓಡಾಡುತ್ತಿದ್ದ ನನಗೆ ಮೂರೂ ಪಾತ್ರೆ ಅರ್ಧರ್ಧ ಆಗಿರುವುದು ಕಂಡಿತು. ಮೂರನ್ನೂ ದೊಡ್ಡ ಪಾತ್ರೆಯೊಂದಕ್ಕೆ ಸುರಿದು, ಖಾಲಿಯಾದವನ್ನು ತೊಳೆಯಲು ಹಾಕಿದೆ. ಜಾಗವಾಯಿತು ಎಂದು ಹೆಮ್ಮೆಪಟ್ಟೆ. ಹತ್ತು ನಿಮಿಷದಲ್ಲಿ ಹೊರಗಿನ ಮೇಜುಗಳಿಂದ ಮೂರು ಭಾಷೆಗಳಲ್ಲಿ ವಿಚಾರಣೆ ಬರತೊಡಗಿತು. ತಮಿಳರಿಗೆ ಬಾಬುಗಳ ಮೇಲೆ ಸಂಶಯ, ಬಾಬುಗಳಿಗೆ ನಮ್ಮ ಮೇಲೆ.

ಅಪ್ಪ ಒಳಗೆ ಬಂದು ಪಾತ್ರೆ ನೋಡಿದರು. 'ಎಂತ ಮಾಡಿದ್ದಿ ಮಾರಾಯ?'

'ಮೂರೂ ಸಾಂಬಾರೇ ಅಲ್ವಾ ಅಪ್ಪ?'

'ಎಲ್ಲ ಮಕ್ಕಳೂ ಮಕ್ಕಳೇ ಅಂತ ಶಾಲೆಯಿಂದ ಯಾರನ್ನೋ ಕರ್ಕೊಂಡು ಬಂದ್ರೆ ನಿನ್ನ ಅಮ್ಮ ಸುಮ್ನೆ ಇರ್ತಾಳಾ?'

ಇಷ್ಟು ಚೆನ್ನಾಗಿ ಹೇಳಿಸಿಕೊಂಡರೂ ನಾನು ಕಲಿಯಲಿಲ್ಲ. ಕಲಿಯದಂತೆ ಮಾಡಿದ್ದು ಮುಂದೆ ಹಿಡಿದ ಕೆಲಸ. ಇದೇ ಊರಿನ ಒಂದು ಇಂಗ್ಲಿಷ್ ಪತ್ರಿಕೆಯ ಸುದ್ದಿಮನೆಯಲ್ಲಿ ಮೂರು ದಶಕ ಬೇರೆಯವರು ಬರೆದದ್ದನ್ನು ತಿದ್ದಿದೆ. ಅಲ್ಲಿ ಒಂದೇ ವರದಿಯ ಎರಡು ಪ್ರತಿ ಮೇಜಿನ ಮೇಲಿರುವುದು ಬೆಂಕಿಯ ಪಕ್ಕ ಸೀಮೆಎಣ್ಣೆ ಇಟ್ಟ ಹಾಗೆ. ನಾನು ಹೊಸಬನಾಗಿದ್ದಾಗ ದೋಣಿ ಮುಳುಗಿದ ವರದಿಯೊಂದರ ಹಳೆಯ ಪ್ರತಿ ಒಳಪುಟಕ್ಕೂ ಹೊಸ ಪ್ರತಿ ಮುಖಪುಟಕ್ಕೂ ಹೋಯಿತು. ಮುಖಪುಟದಲ್ಲಿ ಪಾರಾಗಿದ್ದ ಇಬ್ಬರು ಒಳಪುಟದಲ್ಲಿ ಸತ್ತಿದ್ದರು. ಮರುದಿನ ಅವರಲ್ಲೊಬ್ಬ ಕಚೇರಿಗೇ ಬಂದು ನನ್ನೆದುರಿನ ಕುರ್ಚಿಯಲ್ಲಿ ಕುಳಿತ. ಆವತ್ತಿನಿಂದ ಹೊಸದು ಬಂದ ಕೂಡಲೇ ಹಳೆಯದನ್ನು ಹರಿದು ಹಾಕುವುದು ನನಗೆ ಕೈಯ ಅಭ್ಯಾಸವಾಯಿತು. ನಿವೃತ್ತನಾದ ಮೇಲೂ ಹೋಗಲಿಲ್ಲ. ಮನೆಯಲ್ಲಿ ಹೊಸ ಕ್ಯಾಲೆಂಡರ್ ಬಂದರೆ ಡಿಸೆಂಬರ್ ಇನ್ನೂ ಮುಗಿಯದಿದ್ದರೂ ಹಳೆಯದನ್ನು ಎಸೆಯುವವನು ನಾನು.

ಇಂಥವನ ಕೈಗೆ ಸುಮಂಗಲಾ ಯಂತ್ರದ ಪಾಸ್‌ವರ್ಡ್ ಕೊಟ್ಟದ್ದು ಅವಳ ಒಳ್ಳೆಯತನ. ಸುಮಂಗಲಾ ನನ್ನ ಹೆಂಡತಿ, ಧಾರವಾಡದವಳು, ನಮ್ಮ ಬಾರಾನಗರದ ಸಂಶೋಧನಾ ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕಿ. ನಿವೃತ್ತನಾದ ನಾನು ಮನೆಯ ಗಡಿಯಾರಗಳನ್ನೆಲ್ಲ ಒಂದೇ ಹೊತ್ತಿಗೆ ತರಲು ಹೊರಟಾಗ, ಗಡಿಯಾರಗಳನ್ನು ಉಳಿಸುವ ಉದ್ದೇಶದಿಂದ, ವಾರಕ್ಕೊಮ್ಮೆ ಯಂತ್ರವನ್ನು ಅಪ್‌ಡೇಟ್ ಮಾಡುವ ಕೆಲಸ ವಹಿಸಿದಳು. ನಾನು ಹತ್ತು ಆಜ್ಞೆಗಳನ್ನು ಕಲಿತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹತ್ತು ಆಜ್ಞೆ ಬಂದವನು ಏನೂ ಬಾರದವನಿಗಿಂತ ಎಷ್ಟು ಅಪಾಯಕಾರಿ ಎಂಬುದು ಆ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

ಒಂದು ಭಾನುವಾರ ಅವಳು ಜೋಕಾದಲ್ಲಿ ಉಪನ್ಯಾಸ ಕೊಡಲು ಹೋದಳು. ಬಾರಾನಗರದಿಂದ ಜೋಕಾಕ್ಕೆ ಹೋಗಿ ಬರುವುದೆಂದರೆ ಊರಿನ ಒಂದು ಕೊನೆಯಿಂದ ಇನ್ನೊಂದು ಕೊನೆ. ಮನೆಯಲ್ಲಿ ಉಳಿದವನಿಗೆ ಏನು ಬೇಕಾದರೂ ಕೆಡಿಸಲು ಸಾಲುವಷ್ಟು ಸಮಯ. ಡಿಸ್ಕಿನಲ್ಲಿ ಜಾಗ ಕಡಿಮೆಯಾಗಿದೆ ಎಂದು ಯಂತ್ರ ಹೇಳಿತು. ಉಗ್ರಾಣದ ಪಟ್ಟಿ ತೆಗೆಸಿ ನೋಡಿದರೆ ಫೋರ್ಟ್ರಾನ್ ಎಂಬ ಹಳೆಯ ಪ್ರೋಗ್ರಾಮ್ ಭಾಷೆಯ ಒಂದೇ ಕಂಪೈಲರಿನ ನಾಲ್ಕು ಆವೃತ್ತಿಗಳು ಸಾಲಾಗಿ ಕುಳಿತಿವೆ. ನನಗೆ ಆ ಎರಡು ದೋಣಿ ವರದಿಗಳು ಕಣ್ಣ ಮುಂದೆ ಬಂದವು. ಏಳು, ಒಂಬತ್ತು, ಹನ್ನೊಂದನ್ನು ತೆಗೆಯಲು ಹೇಳಿದೆ. ಇಷ್ಟು ಜಾಗ ತೆರವಾಗುತ್ತದೆ, ಮುಂದುವರಿಯಲೇ ಎಂದು ಯಂತ್ರ ವಿನಯದಿಂದ ಕೇಳಿತು. ಪುಟ ಪಾಸು ಮಾಡುವವನ ಗತ್ತಿನಲ್ಲಿ ಹೌದು ಎಂದು ಒತ್ತಿದೆ. ಆಮೇಲೆ ಯಾವ ಕಂಪೈಲರ್ ಬೇಕೆಂದು ಗೊತ್ತುಮಾಡುವ ಪಟ್ಟಿಯನ್ನು ಕರೆದೆ. 'ಇರುವುದು ಒಂದೇ, ಹೊಂದಿಸುವುದಕ್ಕೆ ಏನೂ ಇಲ್ಲ' ಎಂಬರ್ಥದ ಸಾಲು ಬಂತು. ಅದನ್ನು ನಾನು ಶ್ಲಾಘನೆಯೆಂದೇ ಓದಿಕೊಂಡೆ.

ಸೋಮವಾರ ಬೆಳಿಗ್ಗೆ ಸುಮಂಗಲಾ ಯಂತ್ರದ ಮುಂದೆ ಕುಳಿತಳು. ನಾನು ಪತ್ರಿಕೆ ಓದುತ್ತಿದ್ದೆ. ಕೀಲಿಗಳ ಸದ್ದು ಒಮ್ಮೆ ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು.

'ಅಲ್ರೀ, ಇದನ್ನ ನೀವೇನರ ಮುಟ್ಟೀರೇನು?'

'ಎಂತದನ್ನು?'

'ಏಳನೇದು ಇಲ್ಲ. ಎಲ್ಲೆ ಹೋತು?'

ನಾನು ಪತ್ರಿಕೆಯ ಹಿಂದಿನಿಂದಲೇ ಹೇಳಿದೆ. 'ಹಳೆಯ ಕೆಲವು ಆವೃತ್ತಿಗಳನ್ನು ನಿನ್ನೆ ತೆರವುಗೊಳಿಸಲಾಗಿದೆ.'

'ಯಾರು ತೆರವು ಮಾಡ್ಯಾರ? ಮಹಾನಗರ ಪಾಲಿಕೆಯವರೇನು?'

ಪತ್ರಿಕೆ ಕೆಳಗಿಟ್ಟೆ. ಅವಳ ಮುಖ ನೋಡಿದ ಮೇಲೆ ಅದು ತಮಾಷೆಯಲ್ಲ ಎಂದು ತಿಳಿಯಿತು. ಅವಳು ಸಿಟ್ಟು ಮಾಡದೆ ಮೆಲ್ಲಗೆ ಮಾತಾಡುತ್ತಿದ್ದಳು. ನಮ್ಮ ಮನೆಯಲ್ಲಿ ಅದು ಹೆಚ್ಚು ಕೆಟ್ಟ ಸೂಚನೆ.

ವಿಷಯ ಇಷ್ಟು. ಸಮೀಕ್ಷೆಗೆ ಹೋದಾಗ ಕೆಲವರು ಉತ್ತರ ಕೊಡುವುದಿಲ್ಲ. ಹಾಗೆ ಬಿಟ್ಟುಹೋದವರನ್ನು ಲೆಕ್ಕದಲ್ಲಿ ಹೇಗೆ ತುಂಬಿಕೊಳ್ಳಬೇಕು ಎಂಬುದಕ್ಕೆ ಸುಮಂಗಲಾ ವರ್ಷಗಟ್ಟಲೆ ದುಡಿದು ಒಂದು ವಿಧಾನ ಕಂಡುಹಿಡಿದಿದ್ದಳು. ಅದರ ಪ್ರೋಗ್ರಾಮನ್ನು ತಾನೇ ಬಹಳ ಹಿಂದೆ ಬರೆದಿದ್ದಳು. ಆಗಿನಿಂದ ಏಳನೆಯ ಆವೃತ್ತಿಯಲ್ಲೇ ನಡೆಸುತ್ತಿದ್ದಳು. ನಾಲ್ಕು ತಿಂಗಳಲ್ಲಿ ಅವಳ ನಿವೃತ್ತಿ. ಅದಕ್ಕೆ ಮೊದಲಿನ ಕೊನೆಯ ಪ್ರಬಂಧ ಒಂದು ವಿದ್ವತ್ ಪತ್ರಿಕೆಯ ಮುಂದಿತ್ತು. ಅದರಲ್ಲಿ ನಾಲ್ಕನೆಯ ಕೋಷ್ಟಕವೇ ಜೀವಾಳ. ಆರು ಸಾಲುಗಳಲ್ಲಿ ಹಳೆಯ ವಿಧಾನಕ್ಕೂ ಅವಳ ವಿಧಾನಕ್ಕೂ ಸ್ಪರ್ಧೆ, ಆರರಲ್ಲೂ ಅವಳದೇ ಗೆಲುವು. ಪತ್ರಿಕೆಯ ಪರಿಶೀಲಕರು ಅದಕ್ಕೆ ಇನ್ನೊಂದು ಕಾಲಂ ಸೇರಿಸಿ ಶುಕ್ರವಾರದೊಳಗೆ ಕಳಿಸಿ ಎಂದಿದ್ದರು. ಕಾಲಂ ಸೇರಿಸಬೇಕಾದರೆ ಪ್ರೋಗ್ರಾಮನ್ನು ಮತ್ತೆ ನಡೆಸಬೇಕು.

'ಮತ್ತೆ ತರಿಸಿದರಾಯ್ತು, ಎಂತ ದೊಡ್ಡ ವಿಷಯ?' ಎಂದು ಅವಳಿಗೆ ಹೇಳಿ ಉಗ್ರಾಣದವನನ್ನು ಕೇಳಿದೆ. ಒಂಬತ್ತನ್ನೂ ಹನ್ನೊಂದನ್ನೂ ತಕ್ಷಣ ತಂದುಕೊಟ್ಟ. ಏಳು ಎಂದರೆ ಅಂಥ ಸರಕೇ ನಮ್ಮಲ್ಲಿಲ್ಲ ಎಂದ. ಎರಡು ವರ್ಷದ ಹಿಂದೆ ಇಡೀ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಿದಾಗ ಉಗ್ರಾಣದ ಸರಕು ಬದಲಾಗಿತ್ತು. ಏಳನೆಯದು ನಮ್ಮ ಯಂತ್ರದಲ್ಲಿ ಉಳಿದದ್ದು ಯಾರೂ ಅದನ್ನು ಮುಟ್ಟದಿದ್ದ ಕಾರಣಕ್ಕೆ ಮಾತ್ರ.

ಹನ್ನೊಂದೂ ಹನ್ನೆರಡೂ ಅವಳ ಪ್ರೋಗ್ರಾಮನ್ನು ಓದಲೇ ಒಪ್ಪಲಿಲ್ಲ, ಪುಟಗಟ್ಟಲೆ ಆಕ್ಷೇಪ ಎತ್ತಿದವು. ಒಂಬತ್ತು ಗೊಣಗುತ್ತಲೇ ಒಪ್ಪಿತು. ಐದು ಸಾಲು ಮೊದಲಿನಂತೆಯೇ ಬಂದವು. ಆರನೆಯ ಸಾಲಿನಲ್ಲಿ ಹಳೆಯ ವಿಧಾನ ಗೆದ್ದಿತ್ತು.

'ಒಂಬತ್ತು ತಪ್ಪು ಮಾಡ್ತದ,' ಎಂದಳು ಸುಮಂಗಲಾ. 'ನನಗ ಏಳೇ ಬೇಕು.'

ಮಂಗಳವಾರ ಸಂಜೆ ಮೇಲಿನ ಮಹಡಿಯ ಶಬಾನಾ ಬಂದಳು. ಅವಳು ಬೆಂಗಳೂರಿನವಳು, ಸೆಕ್ಟರ್ ಫೈವ್ ಎಂಬ ಐಟಿ ಬಡಾವಣೆಯ ಕಂಪನಿಯೊಂದರಲ್ಲಿ ನೂರಾರು ಯಂತ್ರಗಳ ಹೊಣೆ ಹೊತ್ತಿರುವ ಅಧಿಕಾರಿ. ಸುಮಂಗಲಾಳ ಸಂಜೆಯ ವಾಕಿಂಗ್ ಗೆಳತಿ. ಬಾಗಿಲಲ್ಲೇ ನನ್ನನ್ನು ತಡೆದಳು.

'ಸಾರ್, ಅದು ಪಾಪ ತನ್ ಪಾಡಿಗೆ ಇತ್ತು. ಯಾಕ್ ಸಾರ್ ಅದರ್ ತಂಟೆಗೆ ಹೋದ್ರಿ?'

'ನಾಲ್ಕು ಇತ್ತು ಶಬಾನಾ. ಒಂದೇ ಕೆಲಸಕ್ಕೆ ನಾಲ್ಕು.'

'ನಿಮ್ಮ ಷೂ ರ‍್ಯಾಕಲ್ಲಿ ನಾಲ್ಕ್ ಜೊತೆ ಇದೆ. ಕಾಲು ಎರಡೇ ಅಲ್ವಾ?'

ಸುಮಂಗಲಾ ಎರಡು ದಿನದಲ್ಲಿ ಮೊದಲ ಸಲ ನಕ್ಕಳು. ಷೂಗಳ ಬಗ್ಗೆ ನನ್ನ ಬಳಿ ಉತ್ತರವಿತ್ತು, ಅದನ್ನು ಮುಂದಕ್ಕಿಟ್ಟು ಶಬಾನಾಗೆ ಕುರ್ಚಿ ಎಳೆದುಕೊಟ್ಟೆ.

ಶಬಾನಾ ನಮ್ಮ ಯಂತ್ರದೊಳಗೆ ಡಬ್ಬಿಯಂಥದೊಂದನ್ನು ಮಾಡಿ, ಹಳೆಯ ವ್ಯವಸ್ಥೆಯನ್ನು ಅದರ ಹಳೆಯ ಉಗ್ರಾಣದ ಸಮೇತ ಅದರಲ್ಲಿ ಕೂರಿಸಿದಳು. ಅಲ್ಲಿ ಏಳು ಸಿಕ್ಕಿತು. ಪ್ರೋಗ್ರಾಮು ಓಡಿತು. ಆರು ಸಾಲು, ಆರು ಗೆಲುವು. ಸುಮಂಗಲಾ ಕುರ್ಚಿಗೆ ಒರಗಿ ಉಸಿರುಬಿಟ್ಟಳು. ನಾನು ಎದ್ದು ಚಹಾ ಮಾಡಲು ಹೊರಟೆ. ನನ್ನ ಮಟ್ಟಿಗೆ ಪ್ರಕರಣ ಮುಕ್ತಾಯವಾಗಿತ್ತು.

'ಆಂಟಿ, ಒಂದ್ ನಿಮಿಷ,' ಎಂದಳು ಶಬಾನಾ. 'ಸೆವೆನ್ ಒಂದು ಹೇಳುತ್ತೆ, ನೈನ್ ಇನ್ನೊಂದು ಹೇಳುತ್ತೆ. ನೈನೇ ತಪ್ಪು ಅಂತ ನಮಗೆ ಹೆಂಗ್ ಗೊತ್ತು?'

ಸುಮಂಗಲಾ ಎರಡೂ ಫಲಿತಾಂಶಗಳನ್ನು ಅಕ್ಕಪಕ್ಕ ತೆರೆದಳು. ಪರದೆಯನ್ನೇ ನೋಡುತ್ತ ಕುಳಿತಳು. ಚಹಾ ತಂದಿಟ್ಟೆ, ಆರಿತು.

ಬುಧವಾರ ಬೆಳಿಗ್ಗೆ ಅವಳು ಪ್ರೋಗ್ರಾಮನ್ನು ಕಾಗದದ ಮೇಲೆ ಮುದ್ರಿಸಿಕೊಂಡಳು. ಆರನೆಯ ಸಾಲಿನ ಸಣ್ಣ ಸಮೀಕ್ಷೆಗಳಿಗೆಂದೇ ಅದರಲ್ಲಿ ಪ್ರತ್ಯೇಕ ಭಾಗವೊಂದಿತ್ತು. ಅದನ್ನು ಓದಿ ಓದಿ ಕಣ್ಣು ಸೋತು ನನ್ನನ್ನು ಕರೆದಳು.

'ನಾನು ಬರದದ್ದು ನನಗ ಬಾಯಿಪಾಠ ಆಗ್ಯದ. ಅಲ್ಲೆ ಇದ್ದದ್ದು ಕಾಣವಲ್ದು, ಇರಬೇಕಾದದ್ದೇ ಕಾಣ್ತದ. ನೀವು ಜೋರಾಗಿ ಓದ್ರಿ, ನಾ ಕೇಳ್ತೀನಿ.'

ಇದು ನನಗೆ ಬರುವ ಕೆಲಸ. ಹಳೆಯ ಕಾಲದಲ್ಲಿ ಕರಡು ತಿದ್ದುವಾಗ ಒಬ್ಬ ಗಟ್ಟಿಯಾಗಿ ಓದುತ್ತಿದ್ದ, ಇನ್ನೊಬ್ಬ ನೋಡುತ್ತಿದ್ದ. ಅಲ್ಪವಿರಾಮವನ್ನೂ ಆವರಣವನ್ನೂ ಬಿಡದೆ ಓದಬೇಕು, ಅರ್ಥ ಮಾಡಿಕೊಳ್ಳಲು ಹೋಗಬಾರದು. ಫೋರ್ಟ್ರಾನಿನಲ್ಲಿ ಆ ಎರಡನೆಯ ನಿಯಮ ಪಾಲಿಸುವುದು ನನಗೆ ಕಷ್ಟವಾಗಲಿಲ್ಲ. ಗಂಗೆಯ ಕಡೆಯ ಕಿಟಕಿ ತೆರೆದಿತ್ತು. ಕೆಳಗೆ ಟೋಟೋ ರಿಕ್ಷಾಗಳು ಹಾರ್ನ್ ಹೊಡೆಯುತ್ತಿದ್ದವು. ನಾನು ಮಂತ್ರ ಹೇಳುವವನಂತೆ ಓದುತ್ತಾ ಹೋದೆ. ಎರಡನೆಯ ಪುಟದ ನಡುವಿನಲ್ಲಿ ಅಭ್ಯಾಸಬಲದಿಂದ ಗೊಣಗಿದೆ.

'ಇವನು ಯಾರು?'

'ಯಾರು?'

'ಈ ಎಸ್-ಟು ಎಂಬವನು. ಇವನಿಗೆ ಇದನ್ನು ಕೂಡಿಸು ಅಂತ ಉಂಟು. ಆದರೆ ಇವನು ಯಾರು ಅಂತ ಮೊದಲು ಹೇಳಲೇ ಇಲ್ಲ. ಎಸ್-ಒನ್ ಬಂದಾಗ ಸೊನ್ನೆ ಅಂತ ಪರಿಚಯ ಮಾಡಿದ್ದಿ. ಇವನು ಸೀದಾ ನಡುಮನೆಗೆ ಬಂದ. ನಮ್ಮ ಡೆಸ್ಕಿನಲ್ಲಿ ಯಾರಾದರೂ ಹೀಗೆ ಪರಿಚಯವಿಲ್ಲದೆ ಹೆಸರು ತಂದಿದ್ದರೆ...'

'ನಿಲ್ರಿ. ಇಲ್ಲೆ ಕೊಡ್ರಿ.'

ಕಾಗದ ಕಸಿದುಕೊಂಡಳು. ಮೇಲಿನಿಂದ ಕೆಳಗೆ ಎರಡು ಸಲ ಬೆರಳಾಡಿಸಿದಳು. ಆಮೇಲೆ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡಿದಳು. ಅವಳೇ ಹೇಳಿದಳು. ಎಸ್-ಟು ಎಂಬುದು ಮೊತ್ತ ತುಂಬುವ ಪಾತ್ರೆ. ತುಂಬುವ ಮೊದಲು ಸೊನ್ನೆ ಮಾಡಬೇಕಿತ್ತು, ಮಾಡಿರಲಿಲ್ಲ. ಹಾಗೆ ಬಿಟ್ಟರೆ ಅದರಲ್ಲಿ ಏನಿರುತ್ತದೆ ಎಂಬುದು ಕಂಪೈಲರಿನ ಮರ್ಜಿ. ಒಂಬತ್ತರಲ್ಲಿ ಆ ಪಾತ್ರೆ ಖಾಲಿಯಿತ್ತು. ಏಳರಲ್ಲಿ ಹಿಂದಿನ ಲೆಕ್ಕದ ಉಳಿಕೆ ತಳದಲ್ಲಿತ್ತು. ಅದು ಅವಳ ವಿಧಾನಕ್ಕೆ ಅನುಕೂಲವಾಗುವಷ್ಟೇ ಇತ್ತು.

ಸೊನ್ನೆ ಮಾಡುವ ಒಂದು ಸಾಲು ಸೇರಿಸಿದಳು. ಈಗ ಏಳೂ ಒಂಬತ್ತೂ ಒಂದೇ ಮಾತು ಹೇಳಿದವು. ಆರನೆಯ ಸಾಲಿನಲ್ಲಿ ಅವಳು ಸೋತಿದ್ದಳು.

ಇಲ್ಲಿ ನಾನು ಮಾಡಿದ್ದನ್ನೂ ದಾಖಲಿಸಬೇಕು. ಸುದ್ದಿಮನೆಯಲ್ಲಿ ತಪ್ಪೊಪ್ಪಿಗೆಯ ಅಂಕಣ ಬಹಳ ಕಾಲ ನನ್ನ ಕೈಯಲ್ಲೇ ಇತ್ತು. ಓದಿದವರಿಗೆ ತಪ್ಪೇ ಕಾಣದ ಹಾಗೆ ತಪ್ಪೊಪ್ಪಿಕೊಳ್ಳುವುದರಲ್ಲಿ ನನ್ನಷ್ಟು ಪಳಗಿದವರು ನಮ್ಮಲ್ಲಿ ಇರಲಿಲ್ಲ. ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಹೇಳಿದೆ.

'ಆರನೇ ಸಾಲಿನಲ್ಲಿ ಅಲ್ಪ ಪರಿಷ್ಕರಣೆ ಮಾಡಲಾಗಿದೆ ಅಂತ ಬರಿ. ಅಡಿಟಿಪ್ಪಣಿಯಲ್ಲಿ. ಯಾರೂ ಓದುವುದಿಲ್ಲ.'

'ಅಲ್ಪ ಅಲ್ರೀ ಅದು.'

'ಒಂದು ಸಾಲು ಮಾರಾಯ್ತಿ. ಆರರಲ್ಲಿ ಒಂದು. ಏಳನೇ ಕಂಪೈಲರು ಈಗ ಯಾರ ಹತ್ತಿರವೂ ಇಲ್ಲ. ಡಬ್ಬಿಯೊಳಗೆ ಹುಡುಕಲಿಕ್ಕೆ ಯಾರು ಬರ್ತಾರೆ?'

ಅವಳು ನನ್ನ ಕಡೆ ತಿರುಗಿದಳು. 'ಸಣ್ಣ ಸಮೀಕ್ಷಾ ಯಾರು ಮಾಡ್ತಾರ ಗೊತ್ತದೇನು? ರೊಕ್ಕ ಇಲ್ಲದವರು, ಮಂದಿ ಇಲ್ಲದವರು. ಸಣ್ಣ ಸಣ್ಣ ಊರಿನ ಕಾಲೇಜಿನವರು. ಅವರು ನನ್ನ ವಿಧಾನ ನಂಬಿ ಅದನ್ನೇ ಹಚ್ಚತಾರ. ಆರನೇ ಸಾಲು ಅವರದು.'

ನನ್ನ ಬಳಿ ಇನ್ನೂ ಎರಡು ಒಳ್ಳೆಯ ವಾಕ್ಯಗಳಿದ್ದವು. ಎರಡನ್ನೂ ನುಂಗಿಕೊಂಡೆ.

ಗುರುವಾರ ಮಧ್ಯಾಹ್ನ ಅವಳು ವಿದ್ವತ್ ಪತ್ರಿಕೆಗೆ ಪತ್ರ ಬರೆದಳು. ನನ್ನ ಪ್ರೋಗ್ರಾಮಿನಲ್ಲಿ ತಪ್ಪಿತ್ತು, ಅದು ನನ್ನದೇ ತಪ್ಪು, ಅದನ್ನು ಸರಿಪಡಿಸಿದರೆ ಆರನೆಯ ಸಾಲಿನಲ್ಲಿ ಫಲಿತಾಂಶ ತಿರುವುಮುರುವಾಗುತ್ತದೆ, ಸಣ್ಣ ಸಮೀಕ್ಷೆಗಳಿಗೆ ಈ ವಿಧಾನ ಬಳಸಬಾರದು. ಇಷ್ಟೇ. ಇಂಗ್ಲಿಷ್ ನೋಡಿಕೊಡಿ ಎಂದಳು. ನಾನು ಪೆನ್ಸಿಲು ಹಿಡಿದು ಎರಡು ಸಲ ಓದಿದೆ. ಒಂದು ಅಕ್ಷರವನ್ನೂ ಮುಟ್ಟಲು ಜಾಗ ಸಿಗಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈ ಸೇರಿದ ಬರಹಗಳಲ್ಲಿ ಹಾಗೆ ಪಾರಾದದ್ದು ಅದೊಂದೇ ಇರಬೇಕು.

ಪತ್ರ ಹೋದ ಮೇಲಿನ ವಾರಗಳಲ್ಲಿ ಅವಳು ಅದರ ಮಾತೆತ್ತಲಿಲ್ಲ. ಮೇಲ್ ಬಂದ ಸದ್ದಾದಾಗಲೆಲ್ಲ ಒಗ್ಗರಣೆಯನ್ನು ನಡುವೆ ಬಿಟ್ಟು ಬರುತ್ತಿದ್ದಳು. ಪ್ರಬಂಧ ಹಿಂದಕ್ಕೆ ಬಂದರೆ ನಿವೃತ್ತಿಯೊಳಗೆ ಇನ್ನೊಂದು ಕಡೆ ಕಳಿಸಲು ಸಮಯವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಸೀದ ಸಾಸಿವೆಯ ವಾಸನೆ ಬಂದಾಗಲೆಲ್ಲ ನನಗೆ ಆ ಭಾನುವಾರದ 'ಹೌದು' ನೆನಪಾಗುತ್ತಿತ್ತು.

ಕೊನೆಗೆ ಉತ್ತರ ಬಂತು. ಪ್ರಬಂಧ ಸ್ವೀಕೃತವಾಗಿತ್ತು, ಒಂದು ಷರತ್ತಿನ ಮೇಲೆ. ಶೀರ್ಷಿಕೆಯಲ್ಲಿದ್ದ 'ಎಲ್ಲ ಸಂದರ್ಭಗಳಲ್ಲೂ' ಎಂಬ ಶಬ್ದಗಳನ್ನು ತೆಗೆಯಬೇಕಿತ್ತು. ಆ ಶಬ್ದಗಳಿಗಾಗಿ ಅವಳು ಎಷ್ಟು ವರ್ಷ ದುಡಿದಿದ್ದಳೆಂದು ನನಗೆ ಗೊತ್ತಿದೆ. ಒಂದು ಗಳಿಗೆ ನೋಡಿದಳು, ಆಮೇಲೆ ತಾನೇ ಅಳಿಸಿದಳು. ಅಳಿಸುವ ಕೆಲಸ ನನಗೆ ಕೊಡಲಿಲ್ಲ.

ಅಂದು ಸಂಜೆ ಶಬಾನಾ ಇಲ್ಲಿಯವರು ಮಿಷ್ಟಿ ಎನ್ನುವ ಸಿಹಿತಿಂಡಿಯ ಡಬ್ಬಿ ಹಿಡಿದು ಬಂದಳು. ಎರಡು ಸಂದೇಶ್ ತಿಂದ ಧೈರ್ಯದಲ್ಲಿ ನಾನು ಬಾಯಿಬಿಟ್ಟೆ. 'ಒಂದು ಲೆಕ್ಕದಲ್ಲಿ ನೋಡಿದರೆ, ನಾನು ಅಳಿಸದೆ ಇದ್ದಿದ್ದರೆ ಈ ತಪ್ಪು ಸಿಗುತ್ತಲೇ ಇರಲಿಲ್ಲ.'

'ಸಾರ್,' ಎಂದಳು ಶಬಾನಾ, 'ಬ್ರೇಕ್ ಫೇಲಾಗಿ ಬಸ್ಸು ಗೋಡೆಗೆ ಗುದ್ದುತ್ತೆ. ಆಗ ಗೋಡೆ ಮೊದ್ಲೇ ಬಿರುಕು ಬಿಟ್ಟಿತ್ತು ಅಂತ ಗೊತ್ತಾಗುತ್ತೆ. ಡ್ರೈವರ್‌ಗೆ ಶಾಲು ಹೊದಿಸ್ತಾರಾ?'

'ಶಾಲು ಬ್ಯಾಡ,' ಎಂದಳು ಸುಮಂಗಲಾ. 'ಆದರ ಎಸ್-ಟು ಹಿಡದವರು ಅವರೇ. ಅದನ್ನೂ ಹೇಳಬೇಕಲಾ.' ನನ್ನ ತಟ್ಟೆಗೆ ಮೂರನೆಯ ಸಂದೇಶ್ ಹಾಕಿದಳು. ನಾನು ಕ್ಷಮೆ ಸಿಕ್ಕಿತೆಂದೇ ತಿಳಿದುಕೊಂಡೆ.

ಮರುದಿನ ಬೆಳಿಗ್ಗೆ, ವಾರದ ಅಪ್‌ಡೇಟಿನ ದಿನ, ಆ ಪ್ರಕರಣದ ನಂತರ ಮೊದಲ ಸಲ, ಹಣೆಗೆ ಹೊಸದಾಗಿ ಚೀಟಿ ಅಂಟಿದ್ದ ಯಂತ್ರದ ಮುಂದೆ ಕುಳಿತು ಎಂದಿನ ಆಜ್ಞೆ ಕೊಟ್ಟೆ. ಅದು ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಅಪ್‌ಡೇಟಿನ ಬದಲು ಎರಡು ವಾಕ್ಯ ಬಂದವು. ನಿಮ್ಮ ಹೆಸರು ಅಧಿಕಾರವಿರುವವರ ಪಟ್ಟಿಯಲ್ಲಿ ಇಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು. ಸುದ್ದಿಮನೆಯಲ್ಲಿ ಅಷ್ಟು ವರ್ಷ ಕಳೆದರೂ ವರದಿಯಾಗಬೇಕಾದ ಘಟನೆ ನಾನೇ ಆಗಿದ್ದು ಇದೇ ಮೊದಲು. ಯಾರಿಗೆ ವರದಿ ಮಾಡುತ್ತದೆ ಎಂದು ಯೋಚಿಸುತ್ತ ಕುಳಿತಿದ್ದಾಗ ಅಡುಗೆಮನೆಯಿಂದ ದನಿ ಬಂತು.

'ಏನ್ ಮಾಡ್ಲಿಕ್ಕತ್ತೀರಿ ಅಲ್ಲೆ?'